ಬೀಟಲ್‌ಗೆ ಬಿಸಿ ಮುಟ್ಟಿಸುವ ಕಷ್ಟ

ಹಳೇ ಫೋಕ್ಸ್‌ವ್ಯಾಗನ್ ಬೀಟಲ್‌ನ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಬಿಸಿ ಮಾಡುವ ಸಾಮಾನು ಬೇಕು ಅಂತ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿ ನೋಡಿ. ಕೌಂಟರಿನ ಹಿಂದಿರುವವರು ಮೊದಲು ನಿಮ್ಮ ಮುಖ ನೋಡುತ್ತಾರೆ, ಆಮೇಲೆ ಹೊರಗಿನ ಬಿಸಿಲು ನೋಡುತ್ತಾರೆ. "ಎಲ್ಲರೂ ಇಂಜಿನ್ ತಣ್ಣಗಾಗೋಕೆ ಸಾಮಾನು ಕೇಳ್ತಾರೆ ಸಾರ್, ನಿಮ್ದೇನು ಉಲ್ಟಾ?" ಬಹಳ ಒಳ್ಳೆಯವರಾದರೆ ಬರಿಗೈಲಿ ಕಳಿಸಬಾರದೆಂದು ಒಂದು ರೇಡಿಯೇಟರ್ ಹೋಸ್ ತಂದು ತೋರಿಸುತ್ತಾರೆ. ಬೀಟಲ್‌ಗೆ ರೇಡಿಯೇಟರ್ರೇ ಇಲ್ಲ.

ಅವರ ಅನುಮಾನ ತಪ್ಪಲ್ಲ. ಆದರೆ ಇಲ್ಲಿ ಚಳಿಯಾಗುವುದು ಕಾರಿಗಲ್ಲ, ಪೆಟ್ರೋಲಿಗೆ. ಕೈಗೆ ಸ್ಯಾನಿಟೈಸರ್ ಸುರಿದುಕೊಂಡರೆ ತಣ್ಣಗಾಗುತ್ತದಲ್ಲ, ಹಾಗೆಯೇ ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. ಕಾರ್ಬುರೇಟರಿನ ಗಂಟಲಲ್ಲಿ ಉಷ್ಣತೆ 20 ಡಿಗ್ರಿಯಷ್ಟು ಕುಸಿಯಬಹುದು. ಮಡಿಕೇರಿಯ ಮಂಜಿನ ಬೆಳಗ್ಗೆ ಹೊರಗೆ 14 ಡಿಗ್ರಿ ಇದ್ದರೆ ಒಳಗೆ ಸೊನ್ನೆಗಿಂತ ಕೆಳಗೆ. ಗಾಳಿಯ ತೇವವೆಲ್ಲ, ಗಂಟಲಿಗೆ ಬಾಗಿಲಿನಂತಿರುವ ಥ್ರಾಟಲ್ ತಟ್ಟೆಯ ಮೇಲೆ ಐಸಾಗಿ ಕೂರುತ್ತದೆ. ಕಾರು ಉಸಿರು ಕಟ್ಟಿ ನಿಂತುಬಿಡುತ್ತದೆ. ನೀವು ಇಳಿದು, ಹಿಂದಿನ ಮುಚ್ಚಳ ಎತ್ತಿ, ಅದನ್ನೂ ಇದನ್ನೂ ಅಲ್ಲಾಡಿಸುವಷ್ಟರಲ್ಲಿ ಇಂಜಿನ್ನಿನ ಕಾವಿಗೆ ಐಸು ಕರಗಿರುತ್ತದೆ. ಮೆಕ್ಯಾನಿಕ್ ಬಂದು ಕೀ ತಿರುಗಿಸಿದರೆ ಒಂದೇ ಏಟಿಗೆ ಸ್ಟಾರ್ಟು. ಸಾಕ್ಷಿ ಕರಗಿ ನೀರಾದ ಮೇಲೆ ನಿಮ್ಮ ಮಾತನ್ನು ನಂಬುವವರು ಯಾರು?

ಬೀಟಲ್‌ನಲ್ಲಿ ಈ ಕಾಟ ಜಾಸ್ತಿ. ಇಂಜಿನ್ ಹಿಂದೆ ಮಲಗಿದೆ, ಎಡಕ್ಕೆರಡು ಬಲಕ್ಕೆರಡು ಸಿಲಿಂಡರು, ನಟ್ಟನಡುವೆ ಒಂದೇ ಕಾರ್ಬುರೇಟರು. ಎರಡೂ ಕಡೆಗೆ ತೋಳು ಚಾಚಿದ ಉದ್ದನೆಯ ಕೊಳವೆ. ಅದು ತಣ್ಣಗಿದ್ದರೆ ಆವಿಯಾದ ಪೆಟ್ರೋಲ್ ದಾರಿಯಲ್ಲೇ ಮತ್ತೆ ಹನಿಯಾಗುತ್ತದೆ, ಪಿಕಪ್ ಸಾಯುತ್ತದೆ. ಅದಕ್ಕೇ ಕೆಳಗಡೆ ಅಂಟಿಕೊಂಡಂತೆ ಇನ್ನೊಂದು ಸಣ್ಣ ಕೊಳವೆ ಇಟ್ಟಿದ್ದಾರೆ: ಹೀಟ್ ರೈಸರ್. ಸೈಲೆನ್ಸರಿನ ಕಡೆಯಿಂದ ಬಿಸಿ ಹೊಗೆ ಇದರೊಳಗೆ ಹಾದು ಕಾರ್ಬುರೇಟರಿನ ಬುಡ ಕಾಯಿಸಬೇಕು. ಬಚ್ಚಲೊಲೆಯ ಹೊಗೆಕೊಳವೆ ಇದ್ದಂತೆ. ಹಾಗಾಗಿ ಬಚ್ಚಲೊಲೆಯ ಕೊಳವೆಗೆ ಆಗುವುದೇ ಇದಕ್ಕೂ ಆಗುತ್ತದೆ, ಮಸಿ ಕಟ್ಟುತ್ತದೆ. ಮೂವತ್ತು ನಲವತ್ತು ವರ್ಷದ ಕಾರ್ಬನ್ ಒಳಗೆ ಕಲ್ಲಿನಂತೆ ಗಟ್ಟಿಯಾಗಿರುತ್ತದೆ.

ಕಟ್ಟಿದೆಯೋ ಇಲ್ಲವೋ ತಿಳಿಯಲು ಇಂಜಿನ್ ಹತ್ತು ನಿಮಿಷ ಓಡಿಸಿ, ರೈಸರಿನ ಎರಡೂ ತುದಿಗೆ ಮತ್ತು ಕಾರ್ಬುರೇಟರಿನ ಕೆಳಗಿರುವ ಅದರ ನಡುಭಾಗಕ್ಕೆ ಒಂದೊಂದು ಹನಿ ನೀರು ಬಿಡಿ. ಎಲ್ಲ ಕಡೆ ಚುಂಯ್ ಅಂದರೆ ಸರಿ. ತುದಿಯಲ್ಲಿ ಮಾತ್ರ ಚುಂಯ್ ಎಂದು ನಡುವೆ ಹನಿ ಸುಮ್ಮನೆ ಜಾರಿದರೆ ಕೊಳವೆ ಕಟ್ಟಿದೆ.

ತೆಗೆಯುವ ಕೆಲಸದಲ್ಲಿ ಮೊದಲ ಶತ್ರು ಎಂದರೆ ಸೈಲೆನ್ಸರಿಗೆ ಹಿಡಿದ ಬೋಲ್ಟು. ಅದು ಬಿಚ್ಚಿಕೊಳ್ಳುವುದಿಲ್ಲ, ಮುರಿಯುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಕುಡಿಸಿ, ಮಾರನೇ ದಿನ ಬಿಸಿ ಕೊಟ್ಟು, ಸ್ವಲ್ಪ ಸಡಿಲಿಸಿ ಸ್ವಲ್ಪ ಬಿಗಿದು, ಮತ್ತೆ ಸಡಿಲಿಸಿ ಪುಸಲಾಯಿಸಬೇಕು. ಸಿಟ್ಟು ಬಂದ ಗಳಿಗೆಯಲ್ಲೇ "ಟಕ್" ಅನ್ನುತ್ತದೆ. ಆ ಸದ್ದು ಕೇಳಿದರೆ ಕಾಫಿ ಕುಡಿಯಲು ಹೋಗಿ, ಇನ್ನು ಡ್ರಿಲ್ಲಿನ ಕೆಲಸ. ಕಾರ್ಬುರೇಟರಿನ ಎರಡು ನಟ್ಟಿಗೆ 13ರ ಸ್ಪಾನರ್ ಸಾಕು, ಹಿಂದಿನ ನಟ್ಟಿಗೆ ಮಾತ್ರ ನಿಮ್ಮ ಕೈಗೆ ಇನ್ನೊಂದು ಮೊಣಕೈ ಇರಬೇಕು. ಡೈನಮೋ ಸಡಿಲಿಸಿ ಸರಿಸದೆ ಕೊಳವೆ ಹೊರಬರುವುದೂ ಕಷ್ಟ.

ಇನ್ನು ಸ್ವಚ್ಛತೆ. ಹಳೇ ಕ್ಲಚ್ ಕೇಬಲ್ಲಿನ ತುದಿಯ ಎಳೆ ಬಿಡಿಸಿ ಪೊರಕೆಯಂತೆ ಮಾಡಿ, ಇನ್ನೊಂದು ತುದಿಯನ್ನು ಡ್ರಿಲ್ಲಿಗೆ ಸಿಕ್ಕಿಸಿ ಒಳಗೆ ನುಗ್ಗಿಸುವುದು ಉತ್ತಮ ದಾರಿ. ಒಂದೇ ಕಡೆಯಿಂದ ಬೇಡ, ಎರಡೂ ಕಡೆಯಿಂದ ಕೊರೆಯಿರಿ. ಬಗ್ಗದಿದ್ದರೆ ಕಬ್ಬಿಣದ ಕೊಳವೆಯನ್ನು ಗ್ಯಾಸ್ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಗಾಳಿ ಊದಿದರೆ ಕಾರ್ಬನ್ ತಾನೇ ಉರಿಯುತ್ತದೆ. ಉತ್ಸಾಹ ಅತಿಯಾದರೆ ಅನಾಹುತ: ಹಲವು ಮಾಡೆಲ್‌ಗಳಲ್ಲಿ ನಡುವಿನ ಬಿಸಿ ತಾಗುವ ಭಾಗಕ್ಕೆ ಅಲ್ಯೂಮಿನಿಯಂ ಎರಕದ ಕವಚವಿದೆ. ಅಲ್ಯೂಮಿನಿಯಂ ಕರಗಲು 660 ಡಿಗ್ರಿ ಸಾಕು. ಅದು ಕಬ್ಬಿಣದ ಹಾಗೆ ಕೆಂಪಾಗಿ ಮುನ್ಸೂಚನೆ ಕೊಡುವುದಿಲ್ಲ, ನೋಡನೋಡುತ್ತ ತೊಟ್ಟಿಕ್ಕುತ್ತದೆ. ಕಾಸ್ಟಿಕ್ ಸೋಡಾದಲ್ಲಿ ರಾತ್ರಿಯಿಡೀ ನೆನೆಸಿ ಎನ್ನುವ ಸಲಹೆಗಾರರೂ ಸಿಗುತ್ತಾರೆ. ಬೆಳಗ್ಗೆ ಎದ್ದು ನೋಡಿದರೆ ಮಸಿ ಅಲ್ಲೇ ಇರುತ್ತದೆ, ಅಲ್ಯೂಮಿನಿಯಂ ಮಾತ್ರ ಸವೆದಿರುತ್ತದೆ.

ಹೊಸದನ್ನೇ ತರಿಸುತ್ತೇನೆ ಎನ್ನುವವರಿಗೆ ಬೇರೆ ಬಗೆಯ ಪರೀಕ್ಷೆ. ಕೊನೆಯ ಬೀಟಲ್ 2003ರ ಜುಲೈನಲ್ಲಿ ಮೆಕ್ಸಿಕೋದ ಪುಯೆಬ್ಲಾದಿಂದ ಹೊರಬಂತು, ಹಾಗಾಗಿ ಸಾಮಾನು ಸಿಗದೇ ಇರುತ್ತದೆಯೇ ಎಂದು ವಾದಿಸುವವರಿದ್ದಾರೆ. ಆದರೆ 1990ರ ದಶಕದಲ್ಲೇ ಅಲ್ಲಿನ ಬೀಟಲ್‌ಗೆ ಕಾರ್ಬುರೇಟರಿನ ಬದಲು ಇಂಜೆಕ್ಷನ್ ಬಂದಾಗಿತ್ತು, ಆ ಕಾರಿನ ಸಾಮಾನು ನಿಮ್ಮದಕ್ಕೆ ಹೊಂದುವುದಿಲ್ಲ. ಕಾರಿನ ವರ್ಷ ಹೇಳಿ ಸಾಮಾನು ಕೇಳುವುದನ್ನು ಬಿಟ್ಟು ಪಾರ್ಟ್ ನಂಬರ್ ಹೇಳಿ. ಮೊದಲ ಮೂರು ಅಂಕಿ ಮಾಡೆಲ್ಲಿನದು, ನಡುವಿನ ಮೂರು ಗುಂಪಿನದು. 129 ಕಂಡರೆ ಗಾಳಿ, ಕಾರ್ಬುರೇಟರು ಇತ್ಯಾದಿಯ ಬೀದಿಗೆ ಬಂದಿದ್ದೀರಿ ಎಂದರ್ಥ. ಕೊನೆಯ ಅಕ್ಷರವನ್ನು ಉಪೇಕ್ಷಿಸಿದರೆ ಕಡಲು ದಾಟಿ, ಕಸ್ಟಮ್ಸ್ ಸುಂಕ ಕಟ್ಟಿಸಿಕೊಂಡು, ಪಕ್ಕದ ಮಾಡೆಲ್ಲಿನ ಸಾಮಾನು ಮನೆಗೆ ಬರುತ್ತದೆ.

ಹೊಸ ಸೈಲೆನ್ಸರ್ ಬಂದರೂ ಡಬ್ಬ ಬಿಚ್ಚಿದ ಕೂಡಲೇ ಹೀಟ್ ರೈಸರ್ ಕೂರುವ ಕಡೆ ಟಾರ್ಚ್ ಬಿಟ್ಟು ನೋಡಿ. ಬೇರೆಯವರು ತಯಾರಿಸಿದ ಕೆಲವು ಸೈಲೆನ್ಸರುಗಳಲ್ಲಿ ಫ್ಲಾಂಜ್ (ಕೊಳವೆ ಜೋಡಿಸುವ ಚಪ್ಪಟೆ ಅಂಚು) ಇರುತ್ತದೆ, ಬೋಲ್ಟಿನ ತೂತು ಇರುತ್ತದೆ, ಹೊಗೆ ಹೋಗುವ ತೂತೇ ಇರುವುದಿಲ್ಲ. ಬಾಗಿಲು ಕೂರಿಸಿ ಹಿಂದೆ ಗೋಡೆ ಕಟ್ಟಿದ ಹಾಗೆ. ಜೋಡಣೆಯ ಸಂದಿಗೆ ಹಾಕುವ ಪ್ಯಾಕಿಂಗ್ (ಗ್ಯಾಸ್ಕೆಟ್) ಸೆಟ್‌ನಲ್ಲಿ ಇದರ ಉಲ್ಟಾ ತಮಾಷೆ. ಹಲವು ಸೆಟ್ಟುಗಳಲ್ಲಿ ಒಂದು ಪ್ಯಾಕಿಂಗಿಗೆ ದೊಡ್ಡ ತೂತು, ಇನ್ನೊಂದಕ್ಕೆ ಚಿಕ್ಕದು. ಎರಡೂ ಕಡೆಯ ಒತ್ತಡದಲ್ಲಿ ವ್ಯತ್ಯಾಸವಿದ್ದರೆ ಮಾತ್ರ ಹೊಗೆ ಒಂದು ದಿಕ್ಕಿಗೆ ಹರಿಯುತ್ತದೆ, ಅದಕ್ಕೇ ಈ ಏರ್ಪಾಡು. ಆದರೆ ಶಿಸ್ತಿನ ಮನುಷ್ಯರು ಅದನ್ನು ತಯಾರಿಕೆಯ ದೋಷವೆಂದು ಬಗೆದು ಕತ್ತರಿ ತಂದು ಎರಡನ್ನೂ ಸಮ ಮಾಡಿಬಿಡುತ್ತಾರೆ.

ಇಷ್ಟೆಲ್ಲ ಮುಗಿದ ಮೇಲೆ ಆಟೋಮ್ಯಾಟಿಕ್ ಚೋಕ್ ಉಳಿದಿರುತ್ತದೆ, ಇಂಜಿನ್ ತಣ್ಣಗಿರುವಾಗ ಗಾಳಿ ತಡೆದು ಪೆಟ್ರೋಲಿನ ಪಾಲು ಹೆಚ್ಚಿಸುವ ತಟ್ಟೆ. ಸೋಲೆಕ್ಸ್ ಕಂಪನಿಯ ಕಾರ್ಬುರೇಟರಿನ ಪಕ್ಕದಲ್ಲಿ ದುಂಡಗಿನ ಸೆರಾಮಿಕ್ ಬಿಲ್ಲೆ, ಒಳಗೆ ಕಾಯುವ ತಂತಿ ಮತ್ತು ಸುರುಳಿ ಸ್ಪ್ರಿಂಗು. ಕರೆಂಟಿಗೆ ಸುರುಳಿ ಕಾದು ಬಿಚ್ಚಿಕೊಂಡಂತೆ ಚೋಕ್ ತೆರೆಯುತ್ತದೆ. ಹಳೆಯ ಬೀಟಲ್‌ಗಳು 6 ವೋಲ್ಟಿನವು, ಆಮೇಲಿನವು 12. ನೋಡಲು ಬಿಲ್ಲೆಗಳು ಅವಳಿಜವಳಿ, ಹಾಗಾಗಿ ಮೇಲೆ ಬರೆದದ್ದು ಓದಿಯೇ ಹಾಕಿ. 6ರ ಬಿಲ್ಲೆಯನ್ನು 12ರ ಕಾರಿಗೆ ಹಾಕಿದರೆ ಇಂಜಿನ್ ಬೆಚ್ಚಗಾಗುವ ಮೊದಲೇ ಚೋಕ್ ತೆರೆದು, ಕೆಲವೇ ದಿನಕ್ಕೆ ತಂತಿ ಸುಟ್ಟುಹೋಗುತ್ತದೆ. ಉಲ್ಟಾ ಹಾಕಿದರೆ ಚೋಕ್ ತೆರೆಯಲು ಮನಸ್ಸೇ ಮಾಡುವುದಿಲ್ಲ, ಪ್ಲಗ್ಗು ಕಾಡಿಗೆಯಾಗುತ್ತದೆ, ಪೆಟ್ರೋಲ್ ಬಂಕಿನವರಿಗೆ ನೀವು ನೆಂಟರಾಗುತ್ತೀರಿ. ವೈರನ್ನು ಇಗ್ನಿಷನ್ ಕಾಯಿಲಿನ 15 ಎಂದು ಬರೆದ ಕಡೆ ಕೊಡಿ. 1ಕ್ಕೆ ಕೊಟ್ಟರೆ ಕಿಡಿಯೇ ಸೊರಗುತ್ತದೆ.

ಕೂರಿಸುವಾಗ ಸ್ಪ್ರಿಂಗಿನ ಕೊಕ್ಕೆ ಒಳಗಿನ ಸಣ್ಣ ಸನ್ನೆಗೆ ಸಿಕ್ಕಿಕೊಳ್ಳಬೇಕು. ಸಿಕ್ಕಿದೆಯೋ ಇಲ್ಲವೋ ಕಾಣುವುದಿಲ್ಲ. ಬಿಲ್ಲೆಯನ್ನು ಮೆಲ್ಲಗೆ ತಿರುಗಿಸಿದಾಗ ಮೇಲಿನ ಚೋಕ್ ತಟ್ಟೆಯೂ ಅಲುಗಿದರೆ ಸಿಕ್ಕಿದೆ. ಗುರುತಿಗೆ ಗುರುತು ಹೊಂದಿಸಿ ಮೂರೂ ಸ್ಕ್ರೂಗಳನ್ನು ಸರದಿಯ ಮೇಲೆ ಬಿಗಿಯಿರಿ. ಮೂರನೆಯದಕ್ಕೆ "ಇನ್ನೊಂಚೂರು" ಅಂತ ಬಲ ಹಾಕಿದವರ ಮನೆಯಲ್ಲೆಲ್ಲ ಎರಡು ಹೋಳಾದ ಸೆರಾಮಿಕ್ ಬಿಲ್ಲೆ ಇರುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಆಕ್ಸಿಲರೇಟರನ್ನು ಒಮ್ಮೆ ಪೂರ್ತಿ ಒತ್ತಿ ಬಿಡಬೇಕು, ಆಗಲೇ ಚೋಕ್ ಮುಚ್ಚುವುದು. ಇದನ್ನು ಮರೆತು ಚೋಕ್ ಕೆಟ್ಟಿದೆ ಎಂದು ಹೊಸದಕ್ಕೆ ಆರ್ಡರ್ ಹಾಕಿದವರು ಕಡಿಮೆಯಿಲ್ಲ.

ಏರ್ ಕ್ಲೀನರಿಗೆ ಬಿಸಿಗಾಳಿ ತರುವ ತೆಳು ಹೋಸೂ ಒಂದಿದೆ. ಅದು ಎಷ್ಟು ಬಡಪಾಯಿಯಾಗಿ ಕಾಣುತ್ತದೆಂದರೆ, ಸರ್ವೀಸಿಗೆ ಬಿಟ್ಟ ಕಾರಿನಿಂದ ಪಾರ್ಸೆಲ್ ಸುತ್ತಿ ಬಂದ ಕಸವೆಂದು ಕಿತ್ತೆಸೆದಿರುತ್ತಾರೆ. ಅದರ ವ್ಯಾಸ ಅಳೆದು ಡೈರಿಯಲ್ಲಿ ಬರೆದಿಟ್ಟುಕೊಳ್ಳಿ, ಕಾರು ಗ್ಯಾರೇಜಿಗೆ ಹೋಗುವ ಮುಂಚೆಯೇ.