ಬೇಲಿ ಹಾಕದೆ ಉಳಿಸಿಕೊಂಡ ಊರು

ನೇಪಾಳಕ್ಕೆ ಹೋಗಿಬಂದ ದೆಹಲಿಯ ನನ್ನ ಸಹೋದ್ಯೋಗಿಗಳು ಕಠ್ಮಂಡುವಿನ ಬಗ್ಗೆ ಹೇಳುವುದು ಒಂದೇ ಮಾತು: ಧೂಳು, ತಲೆಯ ಮೇಲೆ ಜೋತುಬಿದ್ದ ತಂತಿಗಳ ಗೋಜಲು, ಗಲ್ಲಿಗಲ್ಲಿಗೆ ನುಗ್ಗುವ ಬೈಕುಗಳು, ಒಂದು ರಾತ್ರಿ ಕಳೆದು ಪೋಖರಾಕ್ಕೆ ಹೊರಟುಬಿಡಿ. ದೆಹಲಿಯವರು ಇನ್ನೊಂದು ಊರಿನ ಧೂಳನ್ನು ದೂರುವುದೇ ಒಂದು ಮೋಜು. ಅವರು ಹೇಳುವ ತಂತಿ, ಬೈಕು, ಧೂಳು ಎಲ್ಲವೂ ಅಲ್ಲಿರುವುದು ನಿಜ. ಆದರೆ ಅದೇ ಊರಿನಲ್ಲಿ 2017ರ ಏಪ್ರಿಲ್‌ನಿಂದ, ಅಂದರೆ ಅವರ ಹೊಸವರ್ಷದಿಂದ, ಬೇಕಾಬಿಟ್ಟಿ ಹಾರ್ನ್ ಹೊಡೆಯುವುದಕ್ಕೆ ನಿಷೇಧವಿದೆ, ಮತ್ತು ಜನ ಅದನ್ನು ಬಹುಮಟ್ಟಿಗೆ ಪಾಲಿಸುತ್ತಾರೆ. ಕೆಟ್ಟು ನಿಂತ ಸಿಗ್ನಲ್ಲಿನ ಕೆಳಗೆ ಪೊಲೀಸರೊಬ್ಬರು ಕೈಸನ್ನೆಯಲ್ಲೇ ವಾಹನಗಳನ್ನು ಬಿಡುತ್ತಿರುತ್ತಾರೆ. ಹಿಂದೆ ಸಾಲುಗಟ್ಟಿದವರು ಸುಮ್ಮನೆ ಕಾಯುತ್ತಾರೆ. ದೆಹಲಿಯಲ್ಲೂ ಬೆಂಗಳೂರಿನಲ್ಲೂ ಹಸಿರು ದೀಪ ಬೀಳುವ ಮೊದಲೇ ಬೆನ್ನ ಹಿಂದೆ ಹಾರ್ನ್ ಮೊಳಗುತ್ತದೆ. ಹಾಗಾಗಿ ಕಠ್ಮಂಡುವನ್ನು ಅಸ್ತವ್ಯಸ್ತ ಎಂದು ತಳ್ಳಿಹಾಕುವವರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಅಲ್ಲೊಂದು ಅಚ್ಚುಕಟ್ಟು ಇದೆ. ಅದು ನಗರದ ಮಟ್ಟದಲ್ಲಿಲ್ಲ, ಕೇರಿಯ ಮಟ್ಟದಲ್ಲಿದೆ.

ಕಠ್ಮಂಡುವಿಗೆ ಅಂಟಿಕೊಂಡ ಹಳೆಯ ಊರು ಪಾಟನ್ನಿನ ಅರಮನೆ ಚೌಕದ ಪಕ್ಕದಲ್ಲಿ ಮಂಗಾ ಹಿಟಿ ಎಂಬ ತಗ್ಗಿನ ಕೊಳವಿದೆ. ಆರನೆಯ ಶತಮಾನದ್ದು, ಕಣಿವೆಯನ್ನು ಆಳಿದ ಲಿಚ್ಛವಿ ಅರಸರ ಕಾಲದ್ದು. ಮೆಟ್ಟಿಲಿಳಿದರೆ ಮಕರಮುಖದ ಕಲ್ಲಿನ ದೋಣಿಗಳಿಂದ ನೀರು ಬೀಳುತ್ತಿರುತ್ತದೆ. ಬೆಳಗಿನ ಹೊತ್ತು ಹೆಂಗಸರು ಪ್ಲಾಸ್ಟಿಕ್ ಕ್ಯಾನು, ತಾಮ್ರದ ಕೊಡ ಹಿಡಿದು ಸರದಿ ನಿಂತಿರುತ್ತಾರೆ. ಮೇಲಿನ ಮರದ ಕಂಬಗಳ ಜಗಲಿಯಲ್ಲಿ ಮುದುಕರು ಕುಳಿತು ಹರಟೆ ಹೊಡೆಯುತ್ತಾರೆ. ದೇವಸ್ಥಾನದ ಮೆಟ್ಟಿಲ ಮೇಲೆ ಒಬ್ಬಳು ಸೊಪ್ಪು ಮಾರುತ್ತಾಳೆ. ಪ್ರವಾಸಿ ಟಿಕೆಟ್ ಕೊಂಡು ನೋಡಲು ಬಂದದ್ದರ ಮೇಲೆ ಊರಿನವರು ಕಾಲು ಚಾಚಿ ಕುಳಿತಿರುತ್ತಾರೆ.

ದೆಹಲಿಯಲ್ಲಿ ನಾವು ಹಳೆಯದನ್ನು ಉಳಿಸುವ ಬಗೆ ಬೇರೆ. ಅಗ್ರಸೇನನ ಬಾವಡಿ ಎಂಬ ಮೆಟ್ಟಿಲುಬಾವಿಯನ್ನೇ ನೋಡಿ: ಸುತ್ತ ಬೇಲಿ, ಬಾಗಿಲಿಗೆ ಕಾವಲುಗಾರ, ಪುರಾತತ್ವ ಇಲಾಖೆಯ ಫಲಕ, ಹೊತ್ತಿಗೆ ಸರಿಯಾಗಿ ಬೀಗ. ಕಲ್ಲು ಉಳಿದಿದೆ, ಸುತ್ತಲಿನವರಿಗೂ ಅದಕ್ಕೂ ಸಂಬಂಧವಿಲ್ಲ. ಬೆಂಗಳೂರಿನವರು ಬೇಲಿಯ ಗೋಜಿಗೂ ಹೋಗಲಿಲ್ಲ. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಬಸ್ ನಿಲ್ದಾಣ ಬಂತು, ಸಂಪಂಗಿ ಕೆರೆಯ ಜಾಗದಲ್ಲಿ ಕ್ರೀಡಾಂಗಣ. ಮ್ಯಾಜೆಸ್ಟಿಕ್‌ನಲ್ಲಿ ಬಸ್ಸಿಗೆ ಓಡುವಾಗ ಕೆರೆಯ ಅಂಗಳದಲ್ಲಿ ಓಡುತ್ತಿದ್ದೇನೆ ಎಂದು ಯಾರಿಗೆ ನೆನಪಾದೀತು?

ಕಠ್ಮಂಡು ಕಣಿವೆಯ ಮೂಲನಿವಾಸಿಗಳಾದ ನೇವಾರರ ಕೈಯಲ್ಲಿರುವ ಸಾಧನದ ಹೆಸರು ಗುಠಿ. ದೇವರಿಗೆ, ಛತ್ರಕ್ಕೆ, ನೀರಿನ ದೋಣಿಗೆ, ರಥೋತ್ಸವಕ್ಕೆ ಎಂದು ಹಿಂದಿನವರು ಜಮೀನು ಬಿಟ್ಟುಕೊಟ್ಟಿರುತ್ತಾರೆ. ಅದರ ಹುಟ್ಟುವಳಿಯಿಂದ ಆ ಕೆಲಸ ನಡೆಯಬೇಕು, ನಡೆಸುವವರು ಸರದಿಯ ಮೇಲೆ ಬದಲಾಗುತ್ತಾರೆ. ಸತ್ತವರನ್ನು ಸಾಗಿಸುವುದಕ್ಕೇ ಒಂದು ಗುಠಿ ಇರುತ್ತದೆ. ವರ್ಷಕ್ಕೊಮ್ಮೆ ಎಲ್ಲರೂ ಸಾಲಾಗಿ ಕುಳಿತು ಭೋಜನ ಮಾಡುವುದು ಕಡ್ಡಾಯ. ಕರ್ತವ್ಯ ತಪ್ಪಿಸಿದವರಿಗೆ ದಂಡ ಹಾಕುವ ರೂಢಿಯೂ ಉಂಟು. ಹೊರನಾಡಿನ ಕನ್ನಡ ಸಂಘಗಳಲ್ಲಿ ಗಣೇಶೋತ್ಸವಕ್ಕೆ ವಂತಿಗೆ ಎತ್ತಿ ಅಭ್ಯಾಸವಿರುವ ನನ್ನಂಥವರಿಗೆ ಈ ದಂಡದ ವಿಷಯ ಕೇಳಿ ಹೊಟ್ಟೆಕಿಚ್ಚಾಗುತ್ತದೆ. ನಮ್ಮಲ್ಲಿ ಊಟದ ದಿನ ಇನ್ನೂರು ಜನ, ಪಾತ್ರೆ ತೊಳೆಯುವ ಹೊತ್ತಿಗೆ ಆರು ಜನ.

ಸರ್ಕಾರಕ್ಕೆ ಈ ಗುಠಿಗಳ ಜಮೀನಿನ ಮೇಲೆ ಕಣ್ಣಿರುವುದು ಹೊಸದೇನಲ್ಲ. 1964ರಲ್ಲಿ ಗುಠಿ ಸಂಸ್ಥಾನ ಕಟ್ಟಿ ಬಹಳಷ್ಟನ್ನು ತನ್ನ ಅಧೀನಕ್ಕೆ ತೆಗೆದುಕೊಂಡಿತು. 2019ರಲ್ಲಿ ಹೊಸ ಮಸೂದೆ ತಂದಾಗ ಮಾತ್ರ ಕಣಿವೆಯ ಜನ ಸುಮ್ಮನಿರಲಿಲ್ಲ. ಕಠ್ಮಂಡುವಿನ ಮೈತಿಘರ್ ಮಂಡಲ ವೃತ್ತದಲ್ಲಿ ಸಾವಿರಾರು ಜನ ತಮ್ಮ ವಾದ್ಯಗಳ ಸಮೇತ ನೆರೆದರು. ಸರ್ಕಾರ ಮಸೂದೆಯನ್ನು ಹಿಂತೆಗೆದುಕೊಂಡಿತು. ಕರ್ನಾಟಕದಲ್ಲಿ ದೇವಸ್ಥಾನವೊಂದು ಮುಜರಾಯಿಗೆ ಸೇರಬೇಕೋ ಬೇಡವೋ ಎಂಬ ಜಗಳ ನಡೆಯುವಾಗಲೆಲ್ಲ ನನಗೆ ಅನಿಸುವುದಿಷ್ಟು: ನಾವು ಹುಂಡಿಯ ಹಣದ ಬಗ್ಗೆ ವಾದ ಮಾಡುತ್ತೇವೆ, ಕಲ್ಯಾಣಿಯ ಹೂಳು ತೆಗೆಯುವುದು ಯಾರ ಸರದಿ ಎಂಬ ಪ್ರಶ್ನೆಯನ್ನು ಎರಡೂ ಪಕ್ಷದವರು ಎತ್ತುವುದಿಲ್ಲ.

2015ರ ಏಪ್ರಿಲ್ 25ರ ಭೂಕಂಪದಲ್ಲಿ ನೇಪಾಳ ಸುಮಾರು ಒಂಬತ್ತು ಸಾವಿರ ಜನರನ್ನು ಕಳೆದುಕೊಂಡಿತು. ಊರಿಗೆ ಹೆಸರು ಕೊಟ್ಟ ಕಾಷ್ಠಮಂಡಪ ನೆಲಸಮವಾಯಿತು. ಆ ದಿನ ಅದರೊಳಗೆ ರಕ್ತದಾನ ಶಿಬಿರ ನಡೆಯುತ್ತಿತ್ತು. ಮಂಡಪ ಕಟ್ಟುವ ಕೆಲಸವನ್ನು ಟೆಂಡರ್ ಕರೆದು ಗುತ್ತಿಗೆದಾರರಿಗೆ ಕೊಡುವ ಯೋಚನೆಗೆ ಸುತ್ತಲಿನ ಕೇರಿಯವರು ಅಡ್ಡ ನಿಂತರು. ನಾವೇ ಕಟ್ಟಿಸುತ್ತೇವೆ, ಮರ, ಇಟ್ಟಿಗೆ, ಮಣ್ಣಿನ ಗಾರೆಯಲ್ಲೇ ಕಟ್ಟಿಸುತ್ತೇವೆ ಎಂದು ಹಟ ಹಿಡಿದರು, ಕಟ್ಟಿಸಿಯೂ ತೋರಿಸಿದರು. ಅರಸ ಪ್ರತಾಪ ಮಲ್ಲ 1670ರಲ್ಲಿ ಕಟ್ಟಿಸಿದ ರಾಣಿ ಪೋಖರಿ ಎಂಬ ಕೊಳದಲ್ಲಂತೂ ಕಾಂಕ್ರೀಟ್ ಹಾಕುವ ಕೆಲಸ ಶುರುವಾಗಿಯೇ ಬಿಟ್ಟಿತ್ತು. ಜನರ ಪ್ರತಿಭಟನೆಗೆ ಮಣಿದು ಅದನ್ನು ನಿಲ್ಲಿಸಿ ಹಳೆಯ ಕ್ರಮದಲ್ಲೇ ಮುಗಿಸಬೇಕಾಯಿತು. ತಡವಾಯಿತು ನಿಜ. ಟೆಂಡರ್ ಕರೆದಿದ್ದರೆ ಬೇಗ ಮುಗಿಯುತ್ತಿತ್ತು ಎಂದು ನಂಬುವವರು ನಮ್ಮ ಕಡೆಯ ಮೇಲ್ಸೇತುವೆಗಳನ್ನು ನೋಡಿಲ್ಲ.

ಪಶುಪತಿನಾಥದ ಸಂಗತಿ ಕನ್ನಡಿಗರಿಗೆ ಗೊತ್ತಿರುವುದೇ. ಅಲ್ಲಿನ ಮೂಲಭಟ್ಟರು, ಉಳಿದ ಭಟ್ಟರು ತಲೆಮಾರುಗಳಿಂದ ದಕ್ಷಿಣದವರು, ಈಗಲೂ ಕರ್ನಾಟಕದವರು. ಆ ಚತುರ್ಮುಖ ಲಿಂಗವನ್ನು ಮುಟ್ಟಿ ಪೂಜಿಸುವ ಹಕ್ಕು ಅವರದು. ನಮ್ಮ ಪತ್ರಿಕೆಗಳು ಇದನ್ನು ಹೆಮ್ಮೆಯಿಂದ ಬರೆಯುತ್ತವೆ. ನನಗೆ ಹೆಮ್ಮೆಗಿಂತ ಆ ಏರ್ಪಾಡಿನ ಜಾಣತನ ಹೆಚ್ಚು ಹಿಡಿಸುತ್ತದೆ. ರಾಜ ಸತ್ತರೆ ನಾಡಿಗೆಲ್ಲ ಸೂತಕ, ಹೊರಗಿನ ಅರ್ಚಕನಿಗೆ ಸೂತಕವಿಲ್ಲ, ಪೂಜೆ ನಿಲ್ಲುವುದಿಲ್ಲ ಎಂಬುದು ಅಲ್ಲಿ ಹೇಳುವ ಕಾರಣ. ಭಂಡಾರ, ಸಾಮಗ್ರಿಗಳನ್ನು ನೋಡಿಕೊಳ್ಳುವವರು ಸ್ಥಳೀಯ ನೇವಾರ ರಾಜಭಂಡಾರಿಗಳು. ಮುಟ್ಟುವವನು ಒಬ್ಬ, ಕಾಯುವವನು ಇನ್ನೊಬ್ಬ. ದೇವರು ನನ್ನವನು ಎಂದು ಇಬ್ಬರೂ ಹೇಳುವಂತಿಲ್ಲ. 2008ರಲ್ಲಿ ರಾಜತ್ವವೇ ಹೋಯಿತು, ಸೂತಕದ ಕಾರಣವೂ ಹೋಯಿತು. ಅದೇ ವರ್ಷದ ಕೊನೆಗೆ ಮಾವೋವಾದಿಗಳ ಸರ್ಕಾರ ನೇಪಾಳಿ ಅರ್ಚಕರನ್ನು ನೇಮಿಸಿದಾಗ ಭಂಡಾರಿಗಳೂ ಸೇರಿದಂತೆ ಸ್ಥಳೀಯರೇ ವಿರೋಧಿಸಿದರು; 2009ರ ಜನವರಿಯಲ್ಲಿ ಸರ್ಕಾರ ಹಿಂದೆ ಸರಿಯಿತು, ಭಟ್ಟರು ಪೂಜೆಗೆ ಮರಳಿದರು. ಹೊರಗಿನವನು ಎಂಬ ಪದವನ್ನು ನಾಲ್ಕೂ ದಿಕ್ಕಿನಲ್ಲಿ ಕೇಳಿಸಿಕೊಂಡಿರುವ ನಮಗೆ ಇದು ಸಣ್ಣ ಸುದ್ದಿಯಲ್ಲ.

ಕರ್ನಾಟಕದ ನಂಟು ಅಲ್ಲಿಗೇ ಮುಗಿಯುವುದಿಲ್ಲ. ಇಂದಿನ ನೇಪಾಳದ ತರಾಯಿ ಬಯಲಿನಲ್ಲಿರುವ ಸಿಮ್ರೌನ್‌ಗಢದಲ್ಲಿ 1097ರಲ್ಲಿ ರಾಜ್ಯ ಕಟ್ಟಿದ ನಾನ್ಯದೇವ ತನ್ನನ್ನು ಕರ್ಣಾಟನೆಂದೇ ಕರೆದುಕೊಂಡ. ಆ ವಂಶದ ಹರಿಸಿಂಹದೇವ ತುಘಲಕನ ದಂಡಿಗೆ ಸೋತು 1324ರ ಸುಮಾರಿಗೆ ಬೆಟ್ಟದ ಕಡೆ ಓಡಿದ. ಮಲ್ಲ ಅರಸರ ಕುಲದೇವತೆ ತಲೇಜು ಆ ಮನೆತನದ ಜೊತೆ ಕಣಿವೆಗೆ ಬಂದಳೆಂದು ಪ್ರತೀತಿ.

ಇಷ್ಟೆಲ್ಲ ಹೊಗಳಿದ ಮೇಲೆ ಕಣಿವೆಯಿಂದ ಹೊರಗೆ ಬಸ್ಸು ಹತ್ತಬೇಕು. ತ್ರಿಶೂಲಿ ನದಿಯ ಅಂಚಿನಲ್ಲಿ ಪೋಖರಾ ಕಡೆಗೆ ಹೋಗುವ ದಾರಿ ಸುಮಾರು ಇನ್ನೂರು ಕಿಲೋಮೀಟರ್. ಇಡೀ ದಿನ ಹಿಡಿದರೂ ಆಶ್ಚರ್ಯವಿಲ್ಲ. ಒಂದು ಪಕ್ಕ ಕಡಿದ ಗುಡ್ಡ, ಇನ್ನೊಂದು ಪಕ್ಕ ಕೆಸರು ಬಣ್ಣದ ಹೊಳೆ, ನಡುವೆ ಅರ್ಧ ಅಗೆದಿಟ್ಟ ರಸ್ತೆ. 2024ರ ಜುಲೈನಲ್ಲಿ ಅದೇ ನದಿಯ ದಂಡೆಯ ಇನ್ನೊಂದು ಹೆದ್ದಾರಿಯಲ್ಲಿ, ಸಿಮಲ್‌ತಾಲ್ ಬಳಿ, ಗುಡ್ಡ ಜರಿದು ಎರಡು ಬಸ್ಸುಗಳನ್ನು ಅರವತ್ತಕ್ಕೂ ಹೆಚ್ಚು ಜನರ ಸಮೇತ ತ್ರಿಶೂಲಿಗೆ ತಳ್ಳಿತು. ಶಿರೂರಿನ ಗುಡ್ಡ ಗಂಗಾವಳಿಗೆ ಕುಸಿದದ್ದೂ ಅದೇ ತಿಂಗಳು. ಹೆದ್ದಾರಿಗೆ ಯಾವ ಗುಠಿಯೂ ಇಲ್ಲ; ಅದು ಸರ್ಕಾರದ ಕೆಲಸ, ಸರ್ಕಾರವಂತೂ ಆಗಾಗ ಬದಲಾಗುತ್ತಿರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಯುವಜನರ ಸಿಟ್ಟು ಬೀದಿಗೆ ಬಿದ್ದಾಗ ಸರ್ಕಾರದ ಕಚೇರಿಗಳಿರುವ ಸಿಂಹದರ್ಬಾರಿಗೂ ಸಂಸತ್ ಭವನಕ್ಕೂ ಬೆಂಕಿ ಬಿತ್ತು.

ಗುಠಿಯನ್ನೇ ಇಲ್ಲಿಗೆ ತಂದು ನೆಡಬೇಕೆಂದು ನಾನು ಹೇಳುತ್ತಿಲ್ಲ. ಅದು ಹುಟ್ಟಿನಿಂದ ಬರುವ ಸದಸ್ಯತ್ವ; ಕುಲ, ಜಾತಿ ನೋಡಿಯೇ ಒಳಗೆ ಬಿಟ್ಟುಕೊಳ್ಳುತ್ತದೆ. ಪಶ್ಚಿಮದ ಬೆಟ್ಟದಿಂದ ಬಂದು ಕಠ್ಮಂಡುವಿನಲ್ಲಿ ಬಾಡಿಗೆಗೆ ಇರುವವನಿಗೆ ಅದರಲ್ಲಿ ಜಾಗವಿಲ್ಲ, ಅವನ ಬಡಾವಣೆಯಲ್ಲಿ ಹಿಟಿಯೂ ಇಲ್ಲ, ನೀರು ಬರುವುದು ಟ್ಯಾಂಕರಿನಲ್ಲಿ. ಒಳಗಿರುವವರಿಗೂ ಈಗ ಕಷ್ಟ: ಗಂಡುಮಕ್ಕಳು ಆಸ್ಟ್ರೇಲಿಯಾ, ಜಪಾನ್, ಕೊಲ್ಲಿ ದೇಶಗಳಲ್ಲಿದ್ದಾರೆ, ಸರದಿ ಬಂದ ವರ್ಷ ಮನೆಯಲ್ಲಿ ಹೆಗಲು ಕೊಡುವವರಿಲ್ಲ. ಪಾಟನ್ನಿನ ಪರಿಚಯಸ್ಥರೊಬ್ಬರು ಹೇಳಿದ ಪ್ರಕಾರ ಅವರ ಗುಠಿಯಲ್ಲಿ ಸೊಸೆಯಂದಿರಿಗೆ ಲೆಕ್ಕಪುಸ್ತಕ ಕೊಡುವ ಬಗ್ಗೆ ಜಗಳ ನಡೆದಿದೆ. ಹಿರಿಯರು ಒಪ್ಪಿಲ್ಲ. ದೋಣಿಯ ಪಾಚಿ ಕೆರೆಯುವ ಕೆಲಸವನ್ನು ಮಾತ್ರ ಈಗಾಗಲೇ ಸೊಸೆಯಂದಿರೇ ಮಾಡುತ್ತಿದ್ದಾರಂತೆ.