ಹೆಣ ಓಡಿದ ಮಾತ್ರಕ್ಕೆ ಭಯ ಹೆಚ್ಚೀತೇ?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಸಿನಿಮಾ ಹುಚ್ಚಿನವರ ಗುಂಪಿನಲ್ಲಿ ಜಾಂಬಿ (ಸತ್ತು ಎದ್ದು ಬಂದು ಮನುಷ್ಯರನ್ನು ಕಚ್ಚಿ ತಿನ್ನುವ ಹೆಣ) ಚಿತ್ರಗಳ ಮಾತು ಬಂದರೆ ವಾದ ಹೋಗಿ ನಿಲ್ಲುವುದು ಒಂದೇ ಕಡೆ: ತೂರಾಡುತ್ತ ನಡೆಯುವ ಹಳೆಯ ಹೆಣ ಮೇಲೋ, ಬೆನ್ನಟ್ಟಿ ಓಡುವ ಹೊಸ ಹೆಣ ಮೇಲೋ? ಹಳಬರು ನಡೆಯುವ ಪಕ್ಷ, ಹುಡುಗರು ಓಡುವ ಪಕ್ಷ. ನನಗೆ ಈ ವಾದವೇ ದಾರಿ ತಪ್ಪಿದ್ದು ಅನಿಸುತ್ತದೆ. ಹೊಸ ಚಿತ್ರಗಳಲ್ಲಿ ಮುಕ್ಕಾಲು ಪಾಲು ಹಳೆಯವುಗಳ ಹತ್ತಿರಕ್ಕೂ ಬಂದಿಲ್ಲ, ನಿಜ. ಆದರೆ ಸೋತದ್ದು ವೇಗದಿಂದಲ್ಲ. ಜಾಗವನ್ನು ವಿಪರೀತ ಹಿಗ್ಗಿಸಿ, ತಾವೇ ಹಾಕಿಕೊಂಡ ನಿಯಮವನ್ನು ತಾವೇ ಮುರಿದದ್ದರಿಂದ. ಗೆದ್ದ ನಾಲ್ಕೈದು ಚಿತ್ರಗಳು ಇದಕ್ಕೆ ಉಲ್ಟಾ ಮಾಡಿದವು.

ನಾನಿರುವ ಅಮೆರಿಕದ ಪಿಟ್ಸ್‌ಬರ್ಗ್ ಈ ಪ್ರಕಾರದ ತವರು. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಬರುವ ಕನ್ನಡಿಗರಿಗೆ ಪಕ್ಕದ ಮನ್ರೋವಿಲ್ ಮಾಲ್ ಗೊತ್ತೇ ಇರುತ್ತದೆ. 1978ರ 'ಡಾನ್ ಆಫ್ ದಿ ಡೆಡ್' ತೆಗೆದದ್ದು ಅದರೊಳಗೇ. ಅದಕ್ಕೂ ಹತ್ತು ವರ್ಷ ಮೊದಲು ಬಂದ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಚಿತ್ರದ ಸ್ಮಶಾನ ಊರಿನ ಉತ್ತರಕ್ಕಿರುವ ಇವಾನ್ಸ್ ಸಿಟಿಯಲ್ಲಿದೆ. ಎರಡನ್ನೂ ಮಾಡಿದವರು ಜಾರ್ಜ್ ರೊಮೆರೊ. ಮೊದಲ ಚಿತ್ರ ಮಾಡುವಾಗ ಅವರೂ ಗೆಳೆಯರೂ ಇದೇ ಊರಿನಲ್ಲಿ ಜಾಹೀರಾತು ತೆಗೆದು ಹೊಟ್ಟೆ ಹೊರೆಯುತ್ತಿದ್ದವರು. ಹತ್ತು ಜನ ತಲಾ 600 ಡಾಲರ್ ಹಾಕಿ 'ಇಮೇಜ್ ಟೆನ್' ಎಂಬ ಕಂಪನಿ ಕಟ್ಟಿದರು. ಅದು ಸಾಲದೆ ಮತ್ತಷ್ಟು ಜನರಿಂದ ಎತ್ತಿ, ಕೊನೆಗೆ ಸುಮಾರು 1,14,000 ಡಾಲರಿನಲ್ಲಿ ಚಿತ್ರ ಮುಗಿಸಿದರು.

ಆ ಬಜೆಟ್ಟಿನ ಪ್ರತಿ ಕೊರತೆಯೂ ಚಿತ್ರದಲ್ಲಿ ಬಲವಾಗಿ ಮೂಡಿದೆ. ಕಪ್ಪು-ಬಿಳುಪು ಫಿಲ್ಮ್ ಅಗ್ಗವಾದ್ದರಿಂದ ರಕ್ತಕ್ಕೆ ಚಾಕೊಲೇಟ್ ಸಿರಪ್ ಸಾಕಾಯಿತು. ಕಪ್ಪು-ಬಿಳುಪಿನಲ್ಲಿ ಕೆಂಪು ಬರೀ ಬೂದು ಬಣ್ಣವಾಗಿ ಕಾಣುತ್ತದೆ, ಸಿರಪ್ಪಿನ ಗಾಢತೆ ಮಾತ್ರ ರಕ್ತದಂತೆ ಹೊಳೆಯುತ್ತದೆ. ಹೆಣಗಳು ತಿನ್ನುವ ಮಾಂಸ ನಿಜವಾದ ಮಾಂಸವೇ. ಹಣ ಹಾಕಿದವರಲ್ಲಿ ಮಾಂಸದ ವ್ಯಾಪಾರಿಯೂ ಇದ್ದ. ಹೆಣಗಳಿಗೆ ಹೆದರಿ ಪಾತ್ರಗಳು ಸೇರಿಕೊಳ್ಳುವ ಮನೆ ಹೇಗೂ ಕೆಡವಲಿದ್ದದ್ದು, ಹಾಗಾಗಿ ಗೋಡೆಗೆ, ಕಿಟಕಿಗೆ ಮನಸೋ ಇಚ್ಛೆ ಮೊಳೆ ಹೊಡೆಯಬಹುದಿತ್ತು. ನೆಲಮಾಳಿಗೆಯ ದೃಶ್ಯಗಳನ್ನು ತಮ್ಮ ಆಫೀಸಿನ ಕೆಳಗೇ ತೆಗೆದುಕೊಂಡರು. ನಮ್ಮ ಕಡೆ ಇಂಥ ಪ್ರಯತ್ನ ಶುರುವಾಗುವುದೇ ಡ್ರೋನ್ ಬಾಡಿಗೆ ಎಷ್ಟು ಎಂಬಲ್ಲಿಂದ. ಇಲ್ಲಿ ಅವರು ಶುರು ಮಾಡಿದ್ದು ಕೈಗೆ ಸಿಗುವ ಮನೆ ಯಾವುದು ಎಂಬಲ್ಲಿಂದ.

ಆ ಮನೆಯೊಳಗಿನ ಲೆಕ್ಕ ನೋಡಿ. ಹೊರಗಿರುವ ಹೆಣಗಳು ನಿಧಾನ. ಒಂದೆರಡಾದರೆ ಯಾರು ಬೇಕಾದರೂ ತಪ್ಪಿಸಿಕೊಂಡು ಓಡಬಹುದು. ಅಪಾಯ ಬರುವುದು ನಿಂತಾಗ, ನಿದ್ದೆ ಬಂದಾಗ, ಒಳಗಿನವರು ಜಗಳಕ್ಕೆ ಬಿದ್ದಾಗ. ನಾಯಕ ಬೆನ್ ಮೇಲೆ ಇದ್ದು ಬಾಗಿಲು ಕಿಟಕಿ ಭದ್ರ ಮಾಡೋಣ ಅನ್ನುತ್ತಾನೆ. ಹ್ಯಾರಿ ಕೂಪರ್ ನೆಲಮಾಳಿಗೆಗಿಳಿದು ಬಾಗಿಲು ಹಾಕಿಕೊಳ್ಳೋಣ ಅನ್ನುತ್ತಾನೆ. ಕೂಪರ್ ಅಂಜುಬುರುಕ, ಸಿಡುಕ. ನೋಡುವವರೆಲ್ಲ ಬೆನ್ ಕಡೆಗೇ. ಆದರೆ ರಾತ್ರಿ ಕಳೆದು ಬೆನ್ ಬದುಕುಳಿಯುವುದು ಅದೇ ನೆಲಮಾಳಿಗೆಯಲ್ಲಿ. ಬೆಳಗ್ಗೆ ಅವನನ್ನು ಕೊಲ್ಲುವುದು ಹೆಣವಲ್ಲ, ರಕ್ಷಣೆಗೆ ಬಂದವರ ಗುಂಡು. ಬೆನ್ ಪಾತ್ರ ಮಾಡಿದ ಡ್ವೇನ್ ಜೋನ್ಸ್ ಕಪ್ಪು ನಟ, ವರ್ಷ 1968. ಚಿತ್ರ ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಇಷ್ಟು ಖಚಿತವಾದ ಕಟ್ಟಡ ಹೊಸ ಚಿತ್ರಗಳಲ್ಲಿ ನನಗೆ ಬೆರಳೆಣಿಕೆಯಷ್ಟೇ ಸಿಕ್ಕಿದೆ.

'ಡಾನ್' ಚಿತ್ರದಲ್ಲಿ ಮನೆ ಹೋಗಿ ಮಾಲ್ ಬಂತು, ಆದರೂ ಜಾಗ ಒಂದೇ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕ್ಯಾಮೆರಾ ಇಟ್ಟು, ಬೆಳಗ್ಗೆ ಬಾಗಿಲು ತೆರೆಯುವುದರೊಳಗೆ ಎಲ್ಲ ಎತ್ತಬೇಕಿತ್ತು. ಕ್ರಿಸ್‌ಮಸ್ ಅಲಂಕಾರವನ್ನು ದಿನಾ ತೆಗೆದು ದಿನಾ ಹಾಕುವುದು ಆಗದ ಮಾತಾಗಿ ಆ ವಾರಗಳಲ್ಲಿ ಚಿತ್ರೀಕರಣವನ್ನೇ ನಿಲ್ಲಿಸಿದರು. ಟಾಮ್ ಸವಿನಿ ಮುಖಗಳಿಗೆ ಬಳಿದ ಬೂದು ಬಣ್ಣ ಬೆಳಕಿಗೆ ತಕ್ಕಂತೆ ಒಮ್ಮೆ ನೀಲಿ, ಒಮ್ಮೆ ಹಸಿರು ಕಾಣುತ್ತದೆ. ರಕ್ತವಂತೂ ಪೇಂಟಿನ ಕೆಂಪು. ಇಷ್ಟೆಲ್ಲ ಹುಳುಕಿದ್ದೂ ಚಿತ್ರ ನಿಂತಿದೆ, ಏಕೆಂದರೆ ಯಾವ ಬಾಗಿಲಿಗೆ ಲಾರಿ ಅಡ್ಡ ನಿಲ್ಲಿಸಿದ್ದಾರೆ, ಕೀಲಿ ಯಾರ ಹತ್ತಿರ ಇದೆ, ಮೆಟ್ಟಿಲು ಎಲ್ಲಿಗೆ ಹೋಗುತ್ತದೆ ಎಂಬುದು ನೋಡುವವರಿಗೆ ಬಾಯಿಪಾಠ ಆಗಿಬಿಡುತ್ತದೆ. ಆ ಮಾಲನ್ನು 2025ರಲ್ಲಿ ವಾಲ್‌ಮಾರ್ಟ್ ಕೊಂಡುಕೊಂಡಿತು. ಅದು ಹೋದರೆ ಬೇಸರಪಡುವವರಲ್ಲಿ ನಾನೂ ಒಬ್ಬ, ಅದು ಬೇರೆ ವಿಷಯ.

ಇನ್ನು ಕಚ್ಚಿದ ಮೇಲಿನ ಗಡುವು, ಅಂದರೆ ಕಚ್ಚಿಸಿಕೊಂಡವನು ತಾನೂ ಜಾಂಬಿಯಾಗುವವರೆಗಿನ ಸಮಯ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇವತ್ತಿಗೂ ಬೇಸಿಗೆಯ ಆತಂಕ. ಅದರ ಮೊದಲ ಸುಳಿವು ಮನುಷ್ಯನ ಜ್ವರವಲ್ಲ, ಕಾಡಂಚಿನಲ್ಲಿ ಸತ್ತು ಬಿದ್ದ ಮಂಗ. ಸತ್ತ ಮಂಗನ ಮೈಬಿಟ್ಟ ಉಣುಗು ನೆಲದ ದರಕಿಗೆ ಇಳಿಯುತ್ತದೆ, ದರಕು ತರಲು ಹೋದವರಿಗೆ ಹತ್ತುತ್ತದೆ. ಕಚ್ಚಿ 3ರಿಂದ 8 ದಿನಕ್ಕೆ ಜ್ವರ. ಮನುಷ್ಯನಿಂದ ಮನುಷ್ಯನಿಗೆ ಅದು ಹರಡುವುದಿಲ್ಲ, ಆದರೂ ಆ ಕಾಯುವ ದಿನಗಳು ಮನೆಮಂದಿಯನ್ನೆಲ್ಲ ಹಿಂಡುತ್ತವೆ. 'ಡಾನ್' ಚಿತ್ರದ ರೋಜರ್‌ಗೆ ಕಚ್ಚಿದ ಮೇಲೆ ಆಗುವುದು ಇದೇ. ದಿನಗಟ್ಟಲೆ ಮಲಗಿ ಸಾಯುತ್ತಾನೆ, ಗೆಳೆಯ ಬಂದೂಕು ಹಿಡಿದು ಪಕ್ಕದಲ್ಲಿ ಕೂತಿರಬೇಕು. ಹೊಸ ಚಿತ್ರಗಳು ಈ ಗಡುವನ್ನು ಸೆಕೆಂಡುಗಳಿಗೆ ಇಳಿಸಿದವು. 'ವರ್ಲ್ಡ್ ವಾರ್ ಝಡ್' ಚಿತ್ರದಲ್ಲಿ ಸುಮಾರು 12 ಎಣಿಸುವಷ್ಟರಲ್ಲಿ ಮುಗಿಯುತ್ತದೆ. ಹೋರಾಟಕ್ಕೆ ಅಷ್ಟು ಸಾಕು, ದುಃಖಕ್ಕೆ ಸಾಲದು.

ಹಾಗಂತ ಚಿಕ್ಕ ಗಡುವೆಲ್ಲ ಕೆಟ್ಟದ್ದಲ್ಲ. 2002ರ '28 ಡೇಸ್ ಲೇಟರ್' ಅದನ್ನು ನಿಯಮವಾಗಿ ಪಾಲಿಸಿದ ಚಿತ್ರ. ಅಲ್ಲಿಯವರು ಸತ್ತವರಲ್ಲ, ರೋಗ ಹತ್ತಿದ ಜೀವಂತರು. ಅದಕ್ಕೇ ಹಸಿವಿನಿಂದ ಸಾಯುತ್ತಾರೆ ಕೂಡ. ಕಾಗೆ ಕುಕ್ಕುತ್ತಿದ್ದ ಹೆಣದಿಂದ ಒಂದು ಹನಿ ರಕ್ತ ಫ್ರಾಂಕ್‌ನ ಕಣ್ಣಿಗೆ ಬೀಳುತ್ತದೆ. ಮಗಳಿಗೆ ವಿದಾಯ ಹೇಳಿ ಅವಳನ್ನು ದೂರ ತಳ್ಳಲು ಅವನಿಗಿರುವುದು ಕೆಲವೇ ಸೆಕೆಂಡು. ನಿಯಮ ಮೊದಲೇ ಗೊತ್ತಿದ್ದರಿಂದ ಆ ಸೆಕೆಂಡುಗಳನ್ನು ನಾವೂ ಎಣಿಸುತ್ತೇವೆ. ಡ್ಯಾನಿ ಬಾಯ್ಲ್ ಈ ಚಿತ್ರದ ಬಹುಪಾಲನ್ನು ತೆಗೆದದ್ದು ಕ್ಯಾನನ್ ಎಕ್ಸ್‌ಎಲ್-1 ಎಂಬ ಟೇಪಿನ ವಿಡಿಯೊ ಕ್ಯಾಮೆರಾದಲ್ಲಿ. ಬೆಳಗಿನ ಜಾವ ಲಂಡನ್ನಿನ ರಸ್ತೆ ಖಾಲಿ ಸಿಗುವುದೇ ಕೆಲವು ನಿಮಿಷ. ಅಷ್ಟರೊಳಗೆ ಹಲವು ಕಡೆ ಚಿಕ್ಕ ಕ್ಯಾಮೆರಾ ಹೂಡಿ ತೆಗೆದುಕೊಂಡರು. ಓಟ ಮೈ ಜುಮ್ಮೆನಿಸುವುದಕ್ಕೆ ಕ್ಯಾಮೆರಾದೊಳಕ್ಕೆ ಬೆಳಕು ಬಿಡುವ ಷಟರ್ ಕಾರಣ. ಸೆಕೆಂಡಿಗೆ 24 ಫ್ರೇಮ್ ಇದ್ದಾಗ ಪ್ರತಿ ಫ್ರೇಮಿಗೂ ಷಟರ್ 1/48 ಸೆಕೆಂಡು ತೆರೆದಿರುವುದು ವಾಡಿಕೆ. ಅದನ್ನು ಇನ್ನೂ ಕಿರಿದು ಮಾಡಿದರೆ ಚಲನೆಯ ಮಸುಕು ಹೋಗಿ ಕೈಕಾಲು ತುಂಡು ತುಂಡಾಗಿ ಜಿಗಿದಂತೆ ಕಾಣುತ್ತದೆ. ವಿಡಿಯೊ ತೆಗೆಯುವಾಗ ಷಟರನ್ನು ಕೈಯಾರೆ ಹೊಂದಿಸಲು ಬಿಡುವ ಫೋನಿನಲ್ಲೂ ಇದನ್ನು ಮಾಡಬಹುದು. ಬೆಳಕು ಮಾತ್ರ ಹೆಚ್ಚು ಬೇಕು. ಮೋಡ ಕವಿದ ಜುಲೈ ತಿಂಗಳಲ್ಲಿ ಅಡಿಕೆ ತೋಟದೊಳಗೆ ಮಾಡಹೋದರೆ ಚಿತ್ರವೆಲ್ಲ ಕಾಳುಕಾಳು.

ಹಳೆಯವುಗಳ ಸಮಕ್ಕೆ ನಿಲ್ಲುತ್ತದೆ ಎಂದು ಎದೆತಟ್ಟಿ ಹೇಳಬಹುದಾದದ್ದು ಕೊರಿಯಾದ 'ಟ್ರೇನ್ ಟು ಬುಸಾನ್' (2016). ಜಾಗ ಒಂದು ರೈಲು, ಅಷ್ಟೇ. ಹೆಣ ಓಡುತ್ತದೆ, ಆದರೆ ಕತ್ತಲಲ್ಲಿ ಅದಕ್ಕೆ ಕಣ್ಣು ಕಾಣುವುದಿಲ್ಲ. ಹಾಗಾಗಿ ಸುರಂಗ ಬಂದಾಗಲೆಲ್ಲ ಮುಂದಿನ ಬೋಗಿಗೆ ದಾಟುವ ಅವಕಾಶ. ಬಾಗಿಲಿನ ಗಾಜಿಗೆ ನೀರು ಚಿಮುಕಿಸಿ ಪೇಪರ್ ಅಂಟಿಸಿದರೆ ಆಚೆಯ ಹೆಣ ತಣ್ಣಗಾಗುತ್ತದೆ. ಒಂದೆರಡು ಕಡೆ ಕಥೆಯ ಅನುಕೂಲಕ್ಕೆ ಗಡುವು ಹಿಗ್ಗಿ ಕುಗ್ಗಿದೆ, ಅದು ಹುಳುಕೇ. ಅದೇ ನಿರ್ದೇಶಕರು 2020ರಲ್ಲಿ 'ಪೆನಿನ್ಸುಲಾ' ಮಾಡಿದಾಗ ರೈಲು ಬಿಟ್ಟು ಇಡೀ ದೇಶ ಹಿಡಿದರು. ಉಳಿದದ್ದು ಕಂಪ್ಯೂಟರಿನಲ್ಲಿ ಗೀಚಿದ ಕಾರ್ ರೇಸ್.

'ವರ್ಲ್ಡ್ ವಾರ್ ಝಡ್' ಕಥೆ ಇನ್ನೂ ಮಜಾ. ರಷ್ಯಾದಲ್ಲಿ ನಡೆಯುವ ದೊಡ್ಡ ಕಾಳಗದ ಕೊನೆಯೊಂದನ್ನು ಚಿತ್ರೀಕರಿಸಿ, ಅದು ಕೂಡಿಬರದೆ ಬಿಸಾಡಿ, ವೇಲ್ಸ್‌ನ ಒಂದು ಪ್ರಯೋಗಾಲಯದ ಓಣಿಗಳಲ್ಲಿ ಮೆಲ್ಲಗೆ ಹೆಜ್ಜೆಯಿಡುವ ಹೊಸ ಕೊನೆ ಬರೆಸಿದರು. ಜೆರುಸಲೇಮ್ ಗೋಡೆ ಹತ್ತುವ ಸಾವಿರಾರು ಗ್ರಾಫಿಕ್ಸ್ ಹೆಣಗಳಿಗಿಂತ, ಆ ಗಾಜಿನ ಆಚೆ ನಿಂತು ಹಲ್ಲು ಕಟಕಟಿಸುವ ಒಂದೇ ಹೆಣ ಹೆಚ್ಚು ಕಾಡುತ್ತದೆ. ಜ್ಯಾಕ್ ಸ್ನೈಡರ್‌ರ 'ಆರ್ಮಿ ಆಫ್ ದಿ ಡೆಡ್' (2021) ಬಗ್ಗೆ ಹೆಚ್ಚು ಹೇಳಲಾರೆ: ಎರಡೂವರೆ ಗಂಟೆ, ಹೆಣವಾದ ಹುಲಿ, ಹೆಣಗಳಿಗೊಬ್ಬ ರಾಜ. ಯಾವುದಕ್ಕೂ ಮಿತಿ ಇಲ್ಲ, ಹಾಗಾಗಿ ಯಾವುದಕ್ಕೂ ಬೆಲೆಯೂ ಇಲ್ಲ.

ಜಪಾನಿನ 'ಒನ್ ಕಟ್ ಆಫ್ ದಿ ಡೆಡ್' (2017) ಸುಮಾರು 30 ಲಕ್ಷ ಯೆನ್‌ನಲ್ಲಿ ಆದದ್ದು. ನಮ್ಮಲ್ಲಿ ಒಂದು ಮದುವೆ ಖರ್ಚು. ಮೊದಲ 37 ನಿಮಿಷ ಒಂದೇ ಶಾಟ್, ತಪ್ಪು ತಪ್ಪಾಗಿ. ಉಳಿದ ಭಾಗ ಆ ಒಂದೊಂದು ತಪ್ಪು ಯಾಕಾಯಿತು ಎಂದು ಬಿಚ್ಚಿಡುತ್ತದೆ. ನೀನಾಸಂ ಇರುವ ತಾಲ್ಲೂಕಿನವರು ನಾಟಕದ ರಂಗದ ಹಿಂದಿನ ಪಡಿಪಾಟಲು ಬಲ್ಲವರಾದ್ದರಿಂದ ಇದನ್ನು ಯಾರಿಗಿಂತ ಹೆಚ್ಚು ಆನಂದಿಸಬಲ್ಲರು. 20 ನಿಮಿಷಕ್ಕೇ ಎದ್ದು ಹೋಗಬೇಡಿ.

ನಮ್ಮ ದೇಶದ್ದು? 'ಗೋ ಗೋವಾ ಗಾನ್' (2013) ನಗಿಸುತ್ತದೆ, ಹೆದರಿಸುವ ಉಸಾಬರಿಗೆ ಹೋಗುವುದಿಲ್ಲ. ತಮಿಳಿನ 'ಮಿರುದನ್' (2016) ಊಟಿಯಲ್ಲಿ ಶುರುವಾಗುತ್ತದೆ, ಅದರ ಜಾಂಬಿಗಳಿಗೆ ನೀರೆಂದರೆ ಭಯ. ಒಳ್ಳೆಯ ನಿಯಮ. ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಆಗುಂಬೆಯಲ್ಲಿ ಆ ಜಾಂಬಿಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಗಲಿ ಇಳಿಯುವಂತಿಲ್ಲ.

ಮಲೆನಾಡಿನಲ್ಲಿ ಇಂಥದ್ದೊಂದು ಕಿರುಚಿತ್ರ ಮಾಡುವವರಿಗೆ ಕೈಕೆಲಸದ ನಾಲ್ಕು ಮಾತು. ರಕ್ತಕ್ಕೆ ಬೇಕರಿ ಸಾಮಾನಿನ ಅಂಗಡಿಯ ಲಿಕ್ವಿಡ್ ಗ್ಲೂಕೋಸ್ ಕಾಲು ಲೀಟರ್, ಬಿಸಿನೀರು 60 ಮಿಲಿ, ತಿನ್ನುವ ಕೆಂಪು ಬಣ್ಣ ಒಂದು ಚಮಚ, ಕೋಕೋ ಪುಡಿ ಎರಡು ಚಮಚ. ಕೋಕೋ ಇಲ್ಲದಿದ್ದರೆ ಎಲ್‌ಇಡಿ ಬೆಳಕಿಗೆ ರಕ್ತ ಗುಲಾಬಿ ಶರಬತ್ತಿನ ಹಾಗೆ ಕಾಣುತ್ತದೆ. ಕೋಕೋವನ್ನು ಮೊದಲು ಬಿಸಿನೀರಿನಲ್ಲಿ ಕದಡಿ, ಆಮೇಲೆ ಗ್ಲೂಕೋಸಿಗೆ ಹಾಕಿ. ತಿರುಗಾಮುರುಗ ಮಾಡಿದರೆ ಗಂಟು. ಸಕ್ಕರೆ ಅಂಶಕ್ಕೆ ಅರ್ಧ ಗಂಟೆಯಲ್ಲಿ ಇರುವೆ ಮುತ್ತುತ್ತದೆ, ನೆಲದಲ್ಲಿ ಹೆಣವಾಗಿ ಮಲಗುವವರಿಗೆ ಇದನ್ನು ಮೊದಲೇ ತಿಳಿಸಿ. ಡಿಕ್ ಸ್ಮಿತ್ ಎಂಬ ಹೆಸರಾಂತ ಮೇಕಪ್ ಕಲಾವಿದರ ಹಳೆಯ ಸೂತ್ರ ಎಲ್ಲೆಡೆ ಸಿಗುತ್ತದೆ. ಅದರಲ್ಲಿ ಫೋಟೊ-ಫ್ಲೋ ಎಂಬ ಫಿಲ್ಮ್ ತೊಳೆಯುವ ರಾಸಾಯನಿಕ ಇದೆ. ಬಾಯಿಗೆ ಹಾಕುವ ರಕ್ತಕ್ಕೆ ಅದು ಕೂಡದು.

ಕೊಳೆತ ಚರ್ಮಕ್ಕೆ ಮೇಕಪ್ ಲ್ಯಾಟೆಕ್ಸ್, ಟಿಶ್ಯೂ ಪೇಪರ್, ಮತ್ತೆ ಲ್ಯಾಟೆಕ್ಸ್, ಹೀಗೆ ಮೂರು ಪದರ. ಹಿಂದಿನ ದಿನವೇ ಮಣಿಕಟ್ಟಿಗೆ ಹಚ್ಚಿ ತುರಿಕೆ ಬರುತ್ತದೋ ನೋಡಿ. ರಬ್ಬರ್ ತೋಟದವರ ಹತ್ತಿರ ಇಟ್ಟಿರುವ ಹಾಲನ್ನು ತಂದು ಬಳಿಯಬೇಡಿ, ಕೆಡದಿರಲೆಂದು ಅದಕ್ಕೆ ಅಮೋನಿಯಾ ಹಾಕಿರುತ್ತಾರೆ, ಕಣ್ಣು ಉರಿಯುತ್ತದೆ. ಮಳೆಗಾಲದಲ್ಲಿ ಲ್ಯಾಟೆಕ್ಸ್ ಒಣಗುವುದೇ ಇಲ್ಲ; ಪ್ರತಿ ಪದರಕ್ಕೂ ಹೇರ್ ಡ್ರೈಯರ್ ಬೇಕು, ಅಂದರೆ ಕರೆಂಟು ಬೇಕು, ಅಂದರೆ ಜನರೇಟರ್ ಲೆಕ್ಕದಲ್ಲಿರಲಿ. ಹದಿನೈದು ಜನ ಸಾಕು. ಮೂವರಿಗೆ ಪೂರ್ತಿ ಮೇಕಪ್, ಐವರಿಗೆ ಬಣ್ಣ ಮಾತ್ರ, ಉಳಿದವರು ಹಿಂದೆ ಮಬ್ಬಿನಲ್ಲಿ ಬೆನ್ನು ತೋರಿಸಿ ನಿಲ್ಲಲಿ. ಮುಖವನ್ನು ಒಂದೇ ಸಲ ತೋರಿಸಿ ಮುಗಿಸುವ ಆತುರ ಬೇಡ. ಬಣ್ಣದ ವೇಷ ತೆರೆಯ ಹಿಂದೆ ನಿಂತು ಎಷ್ಟು ಹೊತ್ತು ಆರ್ಭಟಿಸುತ್ತದೆ ಎಂಬುದು ಯಕ್ಷಗಾನ ನೋಡಿ ಬೆಳೆದವರಿಗೆ ಗೊತ್ತು.

ಜಾಗದ ವಿಷಯಕ್ಕೆ ಬಂದರೆ, ಡ್ಯಾನಿ ಬಾಯ್ಲ್ ಅವರೇ ಮತ್ತೆ ಬಂದು ಬಹುಪಾಲು ಐಫೋನಿನಲ್ಲಿ ತೆಗೆದ '28 ಇಯರ್ಸ್ ಲೇಟರ್' (2025) ಒಂದು ದಾರಿ ತೋರಿಸಿದೆ. ಸಮುದ್ರದ ಇಳಿತ ಬಂದಾಗ ಮಾತ್ರ ದಾಟಬಹುದಾದ ಕಿರುದಾರಿ, ಅದರ ಆಚೆ ಊರು. ಉಬ್ಬರದೊಳಗೆ ಮನೆ ಸೇರದಿದ್ದರೆ ಕೆಟ್ಟಿರಿ. ಆ ದಾರಿಯಿರುವ ಮೊದಲರ್ಧ ಅಪ್ಪಟ ಕ್ಲಾಸಿಕ್, ದಾರಿ ಬಿಟ್ಟ ಮೇಲೆ ಚಿತ್ರ ಸ್ವಲ್ಪ ಚೆದುರುತ್ತದೆ. ಇಂಥ ಗಡುವು ನಮ್ಮಲ್ಲಿ ಬೇಕಾದಷ್ಟಿವೆ. ಹಳ್ಳ ತುಂಬಿದರೆ ಕೊಚ್ಚಿಹೋಗುವ ಕಾಲುಸಂಕ ಒಂದು. ಅದಕ್ಕಿಂತ ಉತ್ತಮ ಶರಾವತಿ ಹಿನ್ನೀರು: ಈಚೆ ಅಂಬಾರಗೋಡ್ಲು, ಆಚೆ ಕಳಸವಳ್ಳಿ, ತುಮರಿ, ಮಧ್ಯೆ ಸಂಜೆಗೆ ನಿಂತುಬಿಡುತ್ತಿದ್ದ ಲಾಂಚ್. ಕೊನೆಯ ಲಾಂಚ್ ಹೊರಟ ಮೇಲೆ ಆಚೆ ದಡದವರಿಗೆ ಬೆಳಗಾಗುವವರೆಗೆ ಅವರೇ ಗತಿಯಾಗಿತ್ತು. ಲಾಂಚಿನಲ್ಲಿ ಜ್ವರದವನೊಬ್ಬ ಬಂದಿಳಿದಿದ್ದರೆ ಇಡೀ ಚಿತ್ರ ಅಲ್ಲೇ ಸಿಕ್ಕಿತು. ಕಥೆಯನ್ನು 2025ರ ಜುಲೈಗಿಂತ ಹಿಂದೆ ಇಡುವುದು ಮಾತ್ರ ಮರೆಯಬೇಡಿ. ಆ ತಿಂಗಳು ಸಿಗಂದೂರು ಸೇತುವೆ ತೆರೆದಾಯಿತು, ಈಗಾದರೆ ಹೆಣಗಳು ನಡೆದುಕೊಂಡೇ ದಾಟಿ ಬಂದುಬಿಡುತ್ತವೆ.