ಕುದುರೆ ಎತ್ತುವವರು ಯಾರು?

ಮೊನ್ನೆ ಮದ್ದೂರಿನಲ್ಲಿ ಬೀಗರೂಟ ಇತ್ತು. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದೆವು. ಅಕ್ಕನ ಮಗ ಮೊಬೈಲಿನಲ್ಲಿ ರಿವಾಲ್ವರ್ ಚಿತ್ರ ತೋರಿಸಿ, "ಮಾವ, ಇದು ಡಬಲ್ ಆಕ್ಷನ್" ಅಂದ. ದೊಡ್ಡಪ್ಪ ಬಗ್ಗಿ ನೋಡಿ, "ಎಲ್ಲೋ ಮಗ, ಒಂದೇ ನಳಿಗೆ ಐತಲ್ಲೋ" ಅಂದರು. ನನ್ನ ತಮ್ಮ, "ಹಂಗಲ್ಲ ದೊಡ್ಡಪ್ಪ, ಒಂದ್ಸಲ ಒತ್ತಿದ್ರೆ ಎರಡು ಗುಂಡು ಹೋಗ್ತದೆ" ಅಂದ.

ಮೂರು ಜನ, ಮೂರು ಅರ್ಥ. ದೊಡ್ಡಪ್ಪ ಹಾಗೆ ಅಂದುಕೊಂಡಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ಕಡೆ ಬೆಳೆ ಕಾಯಲು ಲೈಸೆನ್ಸ್ ತೆಗೆದುಕೊಂಡವರ ಬಾಯಲ್ಲಿ ಡಬಲ್ ಅಂದರೆ ಜೋಡಿ ನಳಿಗೆ. ಚುನಾವಣೆ ಬಂದಾಗ ಸ್ಟೇಷನ್ನಿಗೆ ಒಪ್ಪಿಸಿ ಬರುತ್ತಾರಲ್ಲ, ಆ ಬಂದೂಕು. ಆದರೆ ರಿವಾಲ್ವರಿನ ಸಿಂಗಲ್, ಡಬಲ್ ಅನ್ನೋದು ನಳಿಗೆಯ ಲೆಕ್ಕವೂ ಅಲ್ಲ, ಗುಂಡಿನ ಲೆಕ್ಕವೂ ಅಲ್ಲ. ಟ್ರಿಗರ್ ಎಷ್ಟು ಕೆಲಸ ಮಾಡುತ್ತದೆ ಅನ್ನುವ ಲೆಕ್ಕ.

ನಮ್ಮ ತಾತನ ಹತ್ತಿರ ಕೇಪಿನ ಕೋವಿ ಇತ್ತು. ಕೇಪು ಅಂದರೆ ಬಡಿದರೆ ಸಿಡಿದು ಮದ್ದಿಗೆ ಬೆಂಕಿ ಹಚ್ಚುವ ಪುಟ್ಟ ಬಟ್ಟಲು. ಅದರ ಹಿಂದಿನ ಸುತ್ತಿಗೆಯಂಥ ಭಾಗಕ್ಕೆ ತಾತ "ಕುದುರೆ" ಅನ್ನುತ್ತಿದ್ದರು. ಹೆಬ್ಬೆರಳಲ್ಲಿ ಕುದುರೆ ಎತ್ತಬೇಕು. ಎತ್ತಿದಾಗ ಒಳಗಿನ ಸ್ಪ್ರಿಂಗ್ ಬಿಗಿಯಾಗಿ, ಒಂದು ಕೊಕ್ಕೆ ಕುದುರೆಯನ್ನು ಹಿಡಿದು ನಿಲ್ಲಿಸುತ್ತದೆ. ಟ್ರಿಗರ್ ಒತ್ತಿದರೆ ಕೊಕ್ಕೆ ಬಿಡುತ್ತದೆ, ಕುದುರೆ ಬಂದು ಕೇಪಿಗೆ ಬಡಿಯುತ್ತದೆ. ಇಲ್ಲಿ ಟ್ರಿಗರಿಗೆ ಇರುವುದು ಒಂದೇ ಕೆಲಸ: ಕುದುರೆಯನ್ನು ಬಿಡುವುದು. ಸಿಂಗಲ್ ಆಕ್ಷನ್ ಅಂದರೆ ಇಷ್ಟೇ. ಅಂದರೆ ತಾತನ ಕೋವಿಯೂ ಸಿಂಗಲ್ ಆಕ್ಷನ್ನೇ. 1873ರ ಪ್ರಸಿದ್ಧ ಕೋಲ್ಟ್ ರಿವಾಲ್ವರಿನದೂ ಇದೇ ರೀತಿ. ಕುದುರೆ ಎತ್ತಿದಾಗ ಗುಂಡು ತುಂಬುವ ಉರುಳೆ ಒಂದು ಮನೆಯಷ್ಟು ತಿರುಗುತ್ತದೆ ಅನ್ನುವುದು ವ್ಯತ್ಯಾಸ.

ಡಬಲ್ ಆಕ್ಷನ್ನಿನಲ್ಲಿ ಟ್ರಿಗರಿಗೆ ಎರಡು ಕೆಲಸ. ಒತ್ತುತ್ತಾ ಹೋದಂತೆ ಟ್ರಿಗರೇ ಕುದುರೆಯನ್ನು ಎತ್ತುತ್ತದೆ, ಕೊನೆಗೆ ಟ್ರಿಗರೇ ಬಿಡುತ್ತದೆ. 1851ರಲ್ಲಿ ಲಂಡನ್ನಿನ ರಾಬರ್ಟ್ ಆಡಮ್ಸ್ ತಂದ ರಿವಾಲ್ವರಿನಲ್ಲಿ ಹೆಬ್ಬೆರಳಿಗೆ ಕೆಲಸವೇ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಬ್ಯೂಮಾಂಟ್ ಎಂಬ ಸೇನಾಧಿಕಾರಿ ಅದನ್ನು ತಿದ್ದಿ, ಬೇಕಾದರೆ ಹೆಬ್ಬೆರಳಲ್ಲೂ ಎತ್ತಬಹುದು, ಬೇಡವಾದರೆ ಟ್ರಿಗರೇ ಎತ್ತಲಿ ಅನ್ನುವ ಹಾಗೆ ಮಾಡಿದ. ನಮ್ಮ ದೇಶದಲ್ಲಿ ಕಾನ್ಪುರದ ಕಾರ್ಖಾನೆಯಿಂದ ಬರುವ .32 ರಿವಾಲ್ವರ್ ಕೂಡ ಹೀಗೆ ಎರಡೂ ರೀತಿ ನಡೆಯುತ್ತದೆ. ಆರು ಗುಂಡು, ಬ್ರಿಟನ್ನಿನ ವೆಬ್ಲಿ ರಿವಾಲ್ವರಿನ ಮಾದರಿ.

ಕೈಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಟ್ರಿಗರೇ ಕುದುರೆ ಎತ್ತಬೇಕಾದಾಗ ಬೆರಳಿಗೆ ಸುಮಾರು 5 ಕಿಲೋ ಭಾರ, ಎಳೆತವೂ ಉದ್ದ. ಮೊದಲೇ ಕುದುರೆ ಎತ್ತಿಟ್ಟಿದ್ದರೆ ಭಾರ ಅದರ ಅರ್ಧಕ್ಕಿಂತ ಕಡಿಮೆ, ಎಳೆತ ಕೆಲವೇ ಮಿಲಿಮೀಟರ್. ಅದಕ್ಕೇ ಗುರಿ ಕೂರಿಸುವವರಿಗೆ ಸಿಂಗಲ್ ಇಷ್ಟ. ಜೇಬಿನಲ್ಲಿ, ಸೊಂಟದಲ್ಲಿ ಇಟ್ಟುಕೊಂಡು ಓಡಾಡುವವರಿಗೆ ಡಬಲ್ಲಿನ ಭಾರವೇ ಒಂದು ಕಾವಲು. ಹಳೆ ಕೋಲ್ಟ್ ಇಟ್ಟುಕೊಂಡವರು ಆರು ಮನೆಯಲ್ಲಿ ಐದಕ್ಕೆ ಮಾತ್ರ ಗುಂಡು ತುಂಬಿ, ಖಾಲಿ ಮನೆಯ ಮೇಲೆ ಕುದುರೆ ಇಳಿಸಿಡುತ್ತಿದ್ದರು. ಕೆಳಗೆ ಬಿದ್ದರೆ ಸಿಡಿಯಬಾರದು ಅಂತ.

ಪಿಸ್ತೂಲಿಗೆ ಬಂದರೆ ಜನ ಇನ್ನೂ ಜಾಸ್ತಿ ಗೊಂದಲ ಮಾಡಿಕೊಳ್ಳುತ್ತಾರೆ. ಸಿಂಗಲ್ ಅಂದರೆ ಪ್ರತಿ ಗುಂಡಿಗೂ ಹೆಬ್ಬೆರಳು ಬೇಕು ಅಂದುಕೊಳ್ಳುತ್ತಾರೆ. ಹಾಗಲ್ಲ. ಪಶ್ಚಿಮ ಬಂಗಾಳದ ಈಶಾಪುರದಲ್ಲಿ ತಯಾರಾಗುವ ನಮ್ಮ 9 ಎಂಎಂ ಪಿಸ್ತೂಲು ಬ್ರೌನಿಂಗ್ ಹೈ ಪವರ್ ಮಾದರಿಯದು, ಸಿಂಗಲ್ ಆಕ್ಷನ್. ಆದರೆ ಗುಂಡು ಹಾರಿದಾಗ ಮೇಲಿನ ಸ್ಲೈಡ್ ಹಿಂದಕ್ಕೆ ಸರಿದು ತಾನೇ ಕುದುರೆ ಎತ್ತಿಡುತ್ತದೆ. ಮೊದಲನೇ ಸಲ ಮಾತ್ರ ನಮ್ಮ ಕೈ ಕೆಲಸ. 1929ರ ವಾಲ್ಥರ್ ಪಿಪಿಯಲ್ಲಿ ಮೊದಲ ಗುಂಡಿಗೆ ಟ್ರಿಗರ್ ಭಾರ, ಆಮೇಲಿನವಕ್ಕೆ ಹಗುರ. ಗ್ಲಾಕ್ ಪಿಸ್ತೂಲಿನಲ್ಲಿ ಕುದುರೆಯೇ ಇಲ್ಲ. ಅದು ಸಿಂಗಲ್ಲೋ ಡಬಲ್ಲೋ ಅಂತ ಹವ್ಯಾಸಿಗಳು ಗಂಟೆಗಟ್ಟಲೆ ವಾದ ಮಾಡುತ್ತಾರೆ. ನನಗೆ ಆ ವಾದದಲ್ಲಿ ಆಸಕ್ತಿ ಇಲ್ಲ. ಟ್ರಿಗರ್ ಎಷ್ಟು ಭಾರ, ಎಷ್ಟು ಉದ್ದ ಅಂತ ಹೇಳಿದರೆ ಸಾಕು.

ಇಷ್ಟೆಲ್ಲ ಬರೆಯಲು ಒಂದು ಕಾರಣ ಇದೆ. ಕೆಲವು ವರ್ಷಗಳ ಹಿಂದೆ ಮೈಸೂರಿನಲ್ಲಿ ಒಂದು ತರಬೇತಿಗೆ ಸೇರಿದ್ದೆ. ಹೇಳಿಕೊಡುವವರು ಬೆಳಗ್ಗೆಯಿಂದ ಕ್ರೀಪ್, ಬ್ರೇಕ್, ರೀಸೆಟ್, ಸ್ಟೇಜಿಂಗ್ ಅಂತ ಮಾತಾಡುತ್ತಲೇ ಇದ್ದರು. ಯಾವುದನ್ನೂ ಬಿಡಿಸಿ ಹೇಳಲಿಲ್ಲ. ಹಳಬರು ತಲೆಯಾಡಿಸುತ್ತಿದ್ದರು, ನಾನೂ ಆಡಿಸಿದೆ. ನನ್ನ ಸರದಿ ಬಂತು. ಕುದುರೆ ಎತ್ತಿ ಗುರಿ ಹಿಡಿದಿದ್ದೆ. ಅಷ್ಟರಲ್ಲಿ ಹೇಳಿಕೊಡುವವರು "ಎಲ್ಲರೂ ನಿಲ್ಲಿಸಿ" ಅಂದರು. ನನ್ನ ಕಡೆ ನೋಡಿ "ಡಿಕಾಕ್ ಮಾಡಿ" ಅಂದರು. ಎತ್ತಿದ ಕುದುರೆಯನ್ನು ಗುಂಡು ಹಾರದ ಹಾಗೆ ಇಳಿಸಿ ಅಂತ ಅದರ ಅರ್ಥ. ನಾನು ಕೈ ಇಳಿಸಿ ಅಂತಿದ್ದಾರೆ ಅಂದುಕೊಂಡೆ. ಇಳಿಸಿದೆ. ಗುಂಡು ಒಳಗೇ ಇತ್ತು, ಕುದುರೆ ಮೇಲೇ ಇತ್ತು, ಬೆರಳು ಟ್ರಿಗರಿನ ಮೇಲೇ ಇತ್ತು. ನಳಿಗೆ ನನ್ನ ಕಾಲಿನ ಪಕ್ಕದ ನೆಲ ನೋಡುತ್ತಿತ್ತು. ಪಕ್ಕದವರು ಕೂಗಿದರು. ಹೇಳಿಕೊಡುವವರು ಓಡಿ ಬಂದು ಮಣಿಕಟ್ಟು ಹಿಡಿದು ರಿವಾಲ್ವರ್ ಬಿಡಿಸಿಕೊಂಡರು.

ಎಲ್ಲರ ಮುಂದೆ ಬೈದರು. ಬೈಸಿಕೊಂಡೆ. ಆದರೆ ಸಿಟ್ಟು ಇವತ್ತಿಗೂ ಹೋಗಿಲ್ಲ. "ಬೆರಳು ತೆಗೀರಿ, ನಳಿಗೆ ಮುಂದಕ್ಕೇ ಇರಲಿ, ನಾನು ಬಂದು ಕುದುರೆ ಇಳಿಸ್ತೀನಿ" ಅಂದಿದ್ದರೆ ಹಳ್ಳಿಯಿಂದ ಬಂದ ಯಾರಿಗೂ ಅರ್ಥವಾಗುತ್ತಿತ್ತು. ಪದ ಗೊತ್ತಿಲ್ಲದವನ ಕೈಯಲ್ಲಿ ಗುಂಡು ತುಂಬಿದ ರಿವಾಲ್ವರ್ ಇಟ್ಟು, ಪದ ಗೊತ್ತಿರಬೇಕಿತ್ತು ಅನ್ನುವುದು ಸರಿಯಲ್ಲ.

ಹವ್ಯಾಸಿಗಳ ಪದಗಳೇ ಬೇಡ ಅನ್ನುತ್ತಿಲ್ಲ. ತಿಳಿದ ಮೇಲೆ ಅವು ಬಹಳ ಉಪಯೋಗದವು. ಟ್ರಿಗರ್ ಒಮ್ಮೆಗೇ ಬಿಡದೆ ಸ್ವಲ್ಪ ಸ್ವಲ್ಪ ತೆವಳಿದರೆ ಕ್ರೀಪ್. ಕೊಕ್ಕೆ ಬಿಡುವ ಆ ಕ್ಷಣ ಬ್ರೇಕ್. ಬೆರಳು ಸಡಿಲಿಸಿದಾಗ ಟ್ರಿಗರ್ ಮುಂದಕ್ಕೆ ಬಂದು ಮತ್ತೆ ಒತ್ತಲು ಸಿದ್ಧವಾಗುವುದು ರೀಸೆಟ್. ಡಬಲ್ಲಿನ ಉದ್ದ ಎಳೆತವನ್ನು ಕೊಕ್ಕೆ ಬಿಡುವ ಮುಂಚೆ ಒಂದು ಕ್ಷಣ ತಡೆದು ನಿಲ್ಲಿಸುವುದು ಸ್ಟೇಜಿಂಗ್. ಖಾಲಿ ಮಾಡಿಕೊಂಡು, ಖಾಲಿ ಇದೆ ಅಂತ ಎರಡು ಸಲ ನೋಡಿಕೊಂಡು ಅಭ್ಯಾಸ ಮಾಡುವುದು ಡ್ರೈ ಫೈರ್. ಒಂದೊಂದು ಸಾಲು ಸಾಕು ಅಲ್ವಾ? ‘ಆಕ್ಷನ್’ ಪದಕ್ಕೇ ಎರಡು ಅರ್ಥ ಇದೆ ಅಂತ ಮಾತ್ರ ಮೊದಲ ದಿನವೇ ಹೇಳಬೇಕು. .303 ರೈಫಲ್ಲಿಗೆ ಬೋಲ್ಟ್ ಆಕ್ಷನ್ ಅನ್ನುವಾಗ ಗುಂಡು ಒಳಗೆ ಹೋಗಿ, ಖಾಲಿ ತೋಟಾ ಹೊರಗೆ ಬರುವ ಏರ್ಪಾಡಿನ ಮಾತು. ಸಿಂಗಲ್, ಡಬಲ್ ಅನ್ನುವಾಗ ಟ್ರಿಗರಿನ ಕೆಲಸದ ಮಾತು. ಇದು ಗೊತ್ತಾಗದೆ ನಾನು ಒಂದು ವಾರ ಒದ್ದಾಡಿದ್ದೇನೆ.

ನಾನಂತೂ ಅಕ್ಕನ ಮಗನಿಗೆ ‘ಒಂದು ಕೆಲಸದ ಟ್ರಿಗರ್’, ‘ಎರಡು ಕೆಲಸದ ಟ್ರಿಗರ್’ ಅಂತಲೇ ಹೇಳಿಕೊಟ್ಟೆ. ದೊಡ್ಡಪ್ಪನಿಗೆ ತಕ್ಷಣ ಅರ್ಥವಾಯಿತು. "ಅಂದ್ರೆ ಕುದುರೆ ಎತ್ತೋರು ಯಾರು ಅನ್ನೋದು ತಾನೆ?" ಅಂದರು. ಹೌದು, ಅದೇ.

ಒಂದು ತೊಡಕು ಉಳಿದಿದೆ. ಟ್ರಿಗರಿಗೂ ಕುದುರೆ ಅನ್ನುವವರು ಇದ್ದಾರೆ, "ಕುದುರೆ ಎಳೆದ" ಅಂತ ಬರೆಯುವವರೂ ಇದ್ದಾರೆ. ಎರಡಕ್ಕೂ ಒಂದೇ ಪದ ಆದರೆ ಕಲಿಯುವವರಿಗೆ ಕಷ್ಟ. ನಿಮ್ಮ ಮನೆಗಳಲ್ಲಿ ಹಿರಿಯರು ಟ್ರಿಗರಿಗೆ, ಒಳಗಿನ ಆ ಕೊಕ್ಕೆಗೆ ಬೇರೆ ಹೆಸರು ಹೇಳುತ್ತಿದ್ದರೆ, ಊರಿನ ಹೆಸರಿನ ಜೊತೆ ಕೆಳಗೆ ಬರೆಯಿರಿ. ನಾನು ಪಟ್ಟಿ ಮಾಡಿಕೊಳ್ಳುತ್ತಿದ್ದೇನೆ.